ಸಂಚಾಲಕರ ಐದು ಫೋನುಗಳು

ಟೆಲಿಫೋನ್ ಕಚೇರಿಯಿಂದ ಆರು ಕಿಲೋಮೀಟರ್ ದೂರದ ಹಳ್ಳಿಯ ಶಾಲೆಯಲ್ಲಿ ಒಬ್ಬ ಗುಮಾಸ್ತನಿದ್ದ. ಅಂದು ಸಂಜೆ ಐದರೊಳಗೆ ಎಂಬತ್ತೆರಡು ಮಕ್ಕಳ ಪರೀಕ್ಷಾ ಅರ್ಜಿಗಳು ಫೋನ್ ತಂತಿಯ ಮೇಲೆ ಬರುವ ಇಂಟರ್ನೆಟ್ಟಿನಲ್ಲಿ ಹೋಗಬೇಕಿತ್ತು. ಮಧ್ಯಾಹ್ನ ಮೂರಾದರೂ ಹೋದದ್ದು ಒಂಬತ್ತೇ.

“ಒಂದು ಅರ್ಜಿ ಉಳಿದರೂ ಮಗುವಿನ ವರ್ಷ ಹಾಳು. ನಾಳೆಯಿಂದ ನೀನೂ ಬರಬೇಡ!” ಎಂದು ಶಾಲೆಯ ಸಂಚಾಲಕ ಕರಿಬಸಪ್ಪನವರು ಗುಡುಗಿದರು.

“ಸರ್, ಲೈನ್ ಮೊದಲೇ ಉದ್ದ. ಸಾಲದ್ದಕ್ಕೆ ಒಂದೇ ತಂತಿಗೆ ಐದು ಫೋನ್. ನಾಲ್ಕನ್ನು ತೆಗೆದರೆ ಇಂಟರ್ನೆಟ್ಟಿಗೆ ವೇಗ ಬರುತ್ತದೆ ಅಂತ ಲೈನ್‌ಮನ್ ಹೇಳಿದ್ದಾರೆ.”

“ಕೋಣೆಗೊಂದು ಫೋನ್ ಹಾಕಿಸಿದವನು ನಾನು. ಒಂದನ್ನೂ ಮುಟ್ಟಕೂಡದು.”

ಗಡಿಯಾರ ಮೂರೂವರೆ ತೋರಿಸಿತು. ಗುಮಾಸ್ತ ಕೈಕಟ್ಟಿ ನಿಂತ.

“ಆಗಲಿ ಸರ್. ಬಿಸಿಯೂಟದ ಅಡುಗೆಮನೆಯ ಫೋನಿನಲ್ಲಿ ತಮ್ಮ ದನಿ ಬಹಳ ಚೆನ್ನಾಗಿ ಕೇಳುತ್ತದಂತೆ.”

“ನನ್ನ ದನಿಯೇ?”

“ತಂತಿ ಒಂದೇ ಅಲ್ಲವೇ ಸರ್? ಯಾರು ಎತ್ತಿದರೂ ಕೇಳುತ್ತದೆ. ಬೆಳಿಗ್ಗೆ ತಾವು ಅಮ್ಮಾವ್ರಿಗೆ ಮೂರು ಸಲ ‘ತಪ್ಪಾಯ್ತು’ ಅಂದಿರಂತೆ.”

ಕರಿಬಸಪ್ಪನವರು ಬಿಳಿಚಿಕೊಂಡರು. ತಾವೇ ಕತ್ತರಿ ಹಿಡಿದು ಕೋಣೆ ಕೋಣೆ ಸುತ್ತಿ, ತಮ್ಮದೊಂದನ್ನು ಬಿಟ್ಟು ಎಲ್ಲ ಫೋನುಗಳ ತಂತಿ ಕತ್ತರಿಸಿದರು. ಮಿನುಗುತ್ತಿದ್ದ ಇಂಟರ್ನೆಟ್ ಮೋಡೆಮ್ಮಿನ ದೀಪ ನೆಟ್ಟಗೆ ಉರಿಯತೊಡಗಿತು. ಐದಕ್ಕೆ ನಾಲ್ಕು ನಿಮಿಷವಿರುವಾಗ ಕೊನೆಯ ಅರ್ಜಿ ಹೋಯಿತು.

ಗುಮಾಸ್ತ ಚೀಲ ಹೆಗಲಿಗೇರಿಸುವಾಗ ಸಂಚಾಲಕರು ಮೆಲ್ಲಗೆ ಕೇಳಿದರು, “ಮೂರು ಸಲ ಅಂತ ಎಣಿಸಿದವರು ಯಾರಯ್ಯಾ?”

“ಅಡುಗೆಯವರು ಏಳು ಅಂದರು ಸರ್. ತಮ್ಮ ಮರ್ಯಾದೆಗೆ ನಾನೇ ಮೂರು ಮಾಡಿದೆ.”