ಹುಳಿಹಳ್ಳ ಸವುಳುಹಳ್ಳ ಕೂಡಿದ್ದು

ಒಂದು ಕಾಡಿನಲ್ಲಿ ಎರಡು ಹಳ್ಳಗಳು ಅಕ್ಕಪಕ್ಕದಲ್ಲೇ ಹರಿಯುತ್ತಿದ್ದವು. ಕೆಂಪು ಗುಡ್ಡದಿಂದ ಇಳಿಯುವುದು ಹುಳಿಹಳ್ಳ. ಅದರ ನೀರು ನಾಲಿಗೆಗೆ ತಾಗಿದರೆ ಹಲ್ಲೆಲ್ಲ ಜುಮ್ಮೆನ್ನುತ್ತಿತ್ತು. ಬಿಳಿ ಗುಡ್ಡದಿಂದ ಇಳಿಯುವುದು ಸವುಳುಹಳ್ಳ. ಅದರ ನೀರು ಅಂಟುವಾಳದ ನೊರೆಯಂತೆ ಜಾರುತ್ತಿತ್ತು, ಕುಡಿದರೆ ಬಾಯಿ ಸುಡುತ್ತಿತ್ತು. ಎರಡರಲ್ಲೂ ಒಂದು ಕಪ್ಪೆ ಕೂಡ ಬದುಕುತ್ತಿರಲಿಲ್ಲ. ನಡುವೆ ಬಂಡೆಗಳ ಸಾಲೊಂದು ಅಡ್ಡ ನಿಂತಿತ್ತು.

ಆ ಸಾಲಿನ ದೊಡ್ಡ ಬಂಡೆಯ ಮೇಲೆ ಒಂದು ನರಿ ಠಿಕಾಣಿ ಹೂಡಿತ್ತು.

"ಈ ಎರಡು ನೀರು ಕೂಡಿದರೆ ತಳದಲ್ಲಿ ಮಲಗಿರುವ ಭೂತ ಎದ್ದೀತು. ಕಾಡೇ ಬೂದಿಯಾದೀತು. ಅದನ್ನು ಕಾಯುತ್ತಿರುವವನು ನಾನು. ಹುಣ್ಣಿಮೆಗೊಂದು ಎಳೆಯ ಮರಿ ಕೊಡಿ, ಸಾಕು" ಎನ್ನುತ್ತಿತ್ತು.

ಪ್ರಾಣಿಗಳು ಅಳುತ್ತಲೇ ಕೊಡುತ್ತಿದ್ದವು.

ಒಂದು ಹುಣ್ಣಿಮೆಗೆ ತುಂಬೆ ಎಂಬ ಜಿಂಕೆಯ ಸರದಿ ಬಂತು. ಅದಕ್ಕಿದ್ದುದು ಒಂದೇ ಮರಿ.

"ನರಿಯಣ್ಣಾ, ಭೂತ ಇದೆ ಅಂತ ನಾನು ಹೇಗೆ ನಂಬಲಿ?" ಎಂದು ತುಂಬೆ ಕೇಳಿತು.

ನರಿ ನಕ್ಕಿತು. ಎಲ್ಲರನ್ನೂ ಕರೆಯಿತು. ಬೇಲದ ಹಣ್ಣಿನ ಒಂದು ಚಿಪ್ಪಿನಲ್ಲಿ ಹುಳಿನೀರು, ಇನ್ನೊಂದರಲ್ಲಿ ಸವುಳುನೀರು ತುಂಬಿತು. ಒಂದನ್ನು ಇನ್ನೊಂದಕ್ಕೆ ಸುರಿಯಿತು.

ಬುಸ್ಸ್!

ನೀರು ಕುದಿದಂತೆ ಉಕ್ಕಿತು. ಬಿಳಿ ನೊರೆ ಅಂಚು ದಾಟಿ ಚೆಲ್ಲಿತು.

"ಭೂತ! ಭೂತ!" ಎಂದು ಪ್ರಾಣಿಗಳೆಲ್ಲ ಕಾಲಿಗೆ ಬುದ್ಧಿ ಹೇಳಿದವು. ನರಿ ಬಾಲ ಕುಣಿಸುತ್ತ ಗುಹೆಗೆ ಹೋಯಿತು. ತುಂಬೆ ಮಾತ್ರ ಅಲ್ಲೇ ನಿಂತಿತು. ಮರಿಯನ್ನು ಕೊಟ್ಟು ಮನೆಗೆ ಹೋಗುವುದಾದರೂ ಹೇಗೆ?

ಸ್ವಲ್ಪ ಹೊತ್ತಿಗೆ ನೊರೆ ಇಳಿಯಿತು. ನೀರು ತಿಳಿಯಾಯಿತು. ತುಂಬೆ ಮೂತಿ ಚಾಚಿ ಮೂಸಿತು. ಕಣ್ಣು ಮುಚ್ಚಿ ನಾಲಿಗೆಯ ತುದಿ ತಾಗಿಸಿತು. ಹಲ್ಲು ಜುಮ್ಮೆನ್ನಲಿಲ್ಲ. ಬಾಯಿ ಸುಡಲಿಲ್ಲ. ತುಸು ಉಪ್ಪುಪ್ಪು, ಅಷ್ಟೇ.

ತುಂಬೆ ಆ ಚಿಪ್ಪನ್ನೇ ನೋಡಿತು. ಕಚ್ಚುವ ಎರಡು ನೀರು ಸೇರಿ, ಕಚ್ಚದ ನೀರಾಗಿತ್ತು!

ಅದು ಆನೆಯಜ್ಜಿಯ ಬಳಿಗೆ ಓಡಿ ಎಲ್ಲವನ್ನೂ ಹೇಳಿತು. "ಅಜ್ಜೀ, ಆ ಬಂಡೆ ಸರಿಸಿಕೊಡು."

"ನೀನು ಹೇಳಿದ್ದು ಸುಳ್ಳಾದರೆ ಕಾಡೇ ಹೋಗುತ್ತದಲ್ಲೇ, ಮಗಳೇ?"

"ನಾನು ನೆಕ್ಕಿ ಬಂದಿದ್ದೇನೆ ಅಜ್ಜೀ. ಇಲ್ಲೇ ನಿಂತಿದ್ದೇನೆ, ನೋಡು."

ಅಜ್ಜಿ ಅದನ್ನು ಮೇಲಿಂದ ಕೆಳಗೆ ನೋಡಿತು. ಆಮೇಲೆ ಬಂದು ಬಂಡೆಗೆ ಹಣೆ ಕೊಟ್ಟಿತು.

"ಬೇಡ! ಎಲ್ಲರೂ ಸಾಯುತ್ತೀರಿ!" ಎಂದು ಗುಹೆಯಿಂದ ಓಡಿಬಂದ ನರಿ ಬಂಡೆಯ ಮೇಲೆ ಹಾರಿ ಕೂಗಿತು.

ಬಂಡೆ ಜರುಗಿತು. ಎರಡು ಹಳ್ಳಗಳು ಒಂದರ ಮೇಲೊಂದು ಬಿದ್ದವು. ಸಾವಿರ ಹಾವುಗಳು ಒಟ್ಟಿಗೆ ಬುಸುಗುಟ್ಟಿದ ಸದ್ದು! ನೊರೆ ಮರದೆತ್ತರ ಎದ್ದಿತು. ಭೂತವಿಲ್ಲವೆಂದು ನರಿಗೆ ಗೊತ್ತಿತ್ತು. ಆದರೂ ಅಷ್ಟು ದೊಡ್ಡ ಸದ್ದನ್ನು ಅದೂ ಕೇಳಿರಲಿಲ್ಲ. ತಾನೇ ಹುಟ್ಟಿಸಿದ ಭೂತಕ್ಕೆ ಹೆದರಿ ಹಿಂದಕ್ಕೆ ಹಾರಿ, ಹುಳಿಹಳ್ಳಕ್ಕೆ ಬಿತ್ತು.

ನೊರೆ ಇಳಿದಾಗ ತುಂಬೆ ಮೊದಲು ನೀರು ನೆಕ್ಕಿತು. "ಇನ್ನೂ ಹುಳಿ ಇದೆ ಅಜ್ಜೀ. ಸವುಳು ಸಾಲದು." ಆನೆಯಜ್ಜಿ ಬಿಳಿ ಗುಡ್ಡದ ಕಡೆಯ ಇನ್ನೊಂದು ಕಲ್ಲು ಸರಿಸಿತು. ಮತ್ತೆ ನೊರೆ, ಮತ್ತೆ ಮೌನ. ಈಗ ನೀರು ಹದವಾಗಿತ್ತು.

ಅಷ್ಟರಲ್ಲಿ ನರಿ ಕಣ್ಣುರಿಯಿಂದ ಊಳಿಡುತ್ತ ತೆವಳಿ ಬಂತು. "ಈ ನೀರಲ್ಲಿ ಮುಖ ತೊಳೆದುಕೋ" ಎಂದಿತು ತುಂಬೆ. ಸದ್ದು ಕೇಳಿ ಮರಳಿ ಬಂದಿದ್ದ ಪ್ರಾಣಿಗಳೆಲ್ಲ ನೋಡುತ್ತಿರುವಂತೆಯೇ ನರಿ ತೊಳೆದುಕೊಂಡಿತು. ಉರಿ ತಣಿಯಿತು. ನರಿ ತಲೆ ತಗ್ಗಿಸಿ ಕಾಡು ಬಿಟ್ಟು ಹೋಯಿತು, ತಿರುಗಿ ನೋಡಲಿಲ್ಲ.

ಬಿಸಿಲೇರಿದಂತೆ ದಡದ ಕಲ್ಲುಗಳ ಮೇಲೆ ಬಿಳಿಯ ಉಪ್ಪು ಹೂವಿನಂತೆ ಅರಳಿತು. ತುಂಬೆಯ ಮರಿ ಹೋಗಿ ಒಂದು ಕಲ್ಲನ್ನು ನೆಕ್ಕಿತು. ಉಳಿದ ಪ್ರಾಣಿಗಳು ಎವೆಯಿಕ್ಕದೆ ನೋಡುತ್ತ ನಿಂತವು. ಮರಿಗೆ ಏನೂ ಆಗದ್ದನ್ನು ಕಂಡು, ಒಂದೊಂದಾಗಿ ತಾವೂ ಬಂದು ನೀರಿಗೆ ಬಾಯಿಟ್ಟವು.

ನೀತಿ: ಭಯ ಹುಟ್ಟಿಸಿ ಬಾಳುವವರ ಆಟ, ಯಾರಾದರೊಬ್ಬರು ನಿಂತು ಪರೀಕ್ಷಿಸಿ ನೋಡುವ ತನಕ ಮಾತ್ರ.