ತುರ್ತು ಬಾಗಿಲೂ ಬಿಸಿ ಹೋಳಿಗೆಯೂ

ಹುಬ್ಬಳ್ಳಿಯ ವ್ಯಾಪಾರ ಮೇಳದಲ್ಲಿ ತುರ್ತು ಬಾಗಿಲು ಇತ್ತು. ಅದಕ್ಕೆ ಅಡ್ಡಲಾಗಿ ಮೇಳದ ಅಧ್ಯಕ್ಷ ಪಟ್ಟಣಶೆಟ್ಟರ ಆಳೆತ್ತರದ ಕಟೌಟು ಕೈಮುಗಿದು ನಿಂತಿತ್ತು. ಆಚೆಗೆ ಕಡಿದಾದ ಮೆಟ್ಟಿಲು.

ಅಡುಗೆಯ ನೀಲವ್ವನ ತಂಗಿ ಒಳಗೆ ಗಾಲಿಕುರ್ಚಿಯಲ್ಲಿ ಕೂತು ಕಸೂತಿ ಸೀರೆ ಮಾರುತ್ತಿದ್ದಳು.

“ಸಾಹೇಬ್ರ, ಬೆಂಕಿ ಹತ್ತಿದ್ರ ನನ್ನ ತಂಗಿ ಹೆಂಗ ಹೊರಗ ಬರಬೇಕ್ರಿ?”

“ನನ್ನ ಮೇಳದಾಗ ಬೆಂಕಿ ಹತ್ತೂದಿಲ್ಲ. ನೀ ಹೋಗಿ ಹೋಳಿಗಿ ನೋಡ್ಕೋ,” ಎಂದರು ಅಧ್ಯಕ್ಷರು. ಬೆಂಕಿಯೂ ಅವರ ಅಪ್ಪಣೆ ಕೇಳಿಯೇ ಹತ್ತಬೇಕಿತ್ತು.

ನೀಲವ್ವ ಹೋಳಿಗೆ ನೋಡಿಕೊಂಡಳು. ಗಣ್ಯರ ಊಟದ ಪಂಕ್ತಿಯನ್ನು ಆ ಬಾಗಿಲಿನ ಆಚೆಗೇ ಹಾಕಿಸಿದಳು.

ಮಧ್ಯಾಹ್ನ ಅಧ್ಯಕ್ಷರು ಅತಿಥಿಗಳೊಂದಿಗೆ ಹಸಿದು ಬಂದರು. “ಊಟ ಎಲ್ಲೈತಿ?”

“ಆ ಬಾಗಿಲದ ಆಚೀಕ ರೀ. ಸುತ್ತು ಹಾಕಿ ಬಂದ್ರ ಹೋಳಿಗಿ ಆರತಾವ. ಈ ಬಾಗಿಲದಾಗಿಂದ ಬರ್ಬೇಕಂದ್ರ ನಿಮ್ಮ ಕಟೌಟು ಅಡ್ಡ ಐತಿ, ನಿಮ್ಮ ಮೊಣಕಾಲಿಗೆ ಮೆಟ್ಟಿಲ ಬ್ಯಾರೆ.”

“ತಗೀರಲೇ ಅದನ್ನ! ಹಲಗಿ ಹಾಕ್ರಿ!”

ಕೈಮುಗಿದಿದ್ದ ಕಟೌಟು ಮಕಾಡೆ ಮಲಗಿತು. ಮೆಟ್ಟಿಲ ಮೇಲೆ ಅಗಲವಾದ ಹಲಗೆ ಇಳಿಜಾರಾಗಿ ಕೂತಿತು. ಅಧ್ಯಕ್ಷರ ಬೆನ್ನಿಗೇ ತಂಗಿಯ ಗಾಲಿಕುರ್ಚಿಯೂ ಸಲೀಸಾಗಿ ಇಳಿಯಿತು.

“ನಾಳೆ ಊಟ ಎಲ್ಲಿ?” ತುಪ್ಪದ ಕೈ ತೊಳೆಯುತ್ತ ಅಧ್ಯಕ್ಷರು ಕೇಳಿದರು.

“ಮೇಳ ಮುಗಿಯೂತನಕ ಇಲ್ಲೇ ರೀ.”

ಮೇಳ ಮುಗಿಯುವವರೆಗೂ ಬಾಗಿಲು ತೆರೆದೇ ಇತ್ತು. ಜನ ಬೆಂದರೆ ಚಿಂತೆಯಿಲ್ಲ, ಹೋಳಿಗೆ ಮಾತ್ರ ಆರಬಾರದು ನೋಡಿ.