ನೀಲವ್ವನ ಚಹಾ, ಸಾಹುಕಾರನ ರೆಕ್ಟಿಫೈಯರು

ಸಿಟ್ಟಿಗೆದ್ದ ಹೆಂಗಸಿನ ಕೈಚಹಾ ಹೆಂಗಿರ್ತದೆ ಅಂತ ತಿಳೀಬೇಕಂದ್ರೆ ಹುಬ್ಬಳ್ಳಿಯ ನಿಕ್ಕಲ್ ಲೇಪನದ ಕಾರ್ಖಾನೆಯ ಆ ಸಾಹುಕಾರನನ್ನೇ ಕೇಳಬೇಕು.

ಕರೆಂಟ್ ಬಿಲ್ ಏರಿದ ದಿನ ಅವನು ಚಹಾ ಮಾಡುವ ನೀಲವ್ವನ ಕರೆಂಟ್ ಒಲೆಯನ್ನೇ ಕಿತ್ತುಹಾಕಿಸಿದ.

“ಕರೆಂಟೆಲ್ಲ ನಿನ್ನ ಒಲೀನ ತಿಂತೈತಿ. ಇನ್ಮ್ಯಾಲೆ ಒಲಿ ಇಲ್ದ ಬಿಸಿ ಚಹಾ ಕೊಡು, ಇಲ್ಲಾಂದ್ರ ಕೆಲಸ ಬಿಡು!”

ನೀಲವ್ವನ ಮೈಯೆಲ್ಲ ಉರಿಯಿತು. ಕರೆಂಟು ತಿನ್ನುವುದು ಯಾರು ಅಂತ ಕಾರ್ಖಾನೆಗೆಲ್ಲ ಗೊತ್ತಿತ್ತು. ಲೇಪನದ ತೊಟ್ಟಿಗಳಿಗೆ ಡಿ.ಸಿ. ಕರೆಂಟು ಕೊಡುವ ಹಳೇ ರೆಕ್ಟಿಫೈಯರು ಬೀರುವಿನಂತೆ ನಿಂತು, ಹೊಟ್ಟೆ ತುಂಬ ಧೂಳು ಕಟ್ಟಿಕೊಂಡು, ದಿನವಿಡೀ ಬೆಂಕಿಯಂಥ ಗಾಳಿ ಉಗುಳುತ್ತಿತ್ತು. ರಿಪೇರಿ ಮಾಡಿಸಿರಿ ಅಂತ ಹೇಳಿದವರನ್ನೆಲ್ಲ ಸಾಹುಕಾರ ಬೈದು ಕಳಿಸಿದ್ದ.

ಮರುದಿನ ಅವಳು ಮನೆಯಲ್ಲೇ ಚಹಾ ಕಾಸಿ ತಂದಳು. ಕ್ಯಾನನ್ನು ಆ ಬಿಸಿಗಾಳಿಗೆ ಒಡ್ಡಿಟ್ಟಳು. ಚಹಾದ ಹೊತ್ತಿಗೆ ಒಂದೇ ಗುಟುಕಿಗೆ ಸಾಹುಕಾರನ ನಾಲಿಗೆ ಚುರ್ ಅಂದಿತು.

“ಎಲ್ಲಿ ಬಚ್ಚಿಟ್ಟೀ ಒಲಿ?” ಅಂತ ಹಾರಾಡುತ್ತ ಬಂದ.

ನೀಲವ್ವ ರೆಕ್ಟಿಫೈಯರಿನ ಕಡೆ ಕೈ ಮಾಡಿದಳು. “ಇದಾ ನೋಡ್ರಿ. ನನ್ನ ಒಲಿ ಚಹಾ ಆದಕೂಡ್ಲೆ ಬಂದ್ ಮಾಡ್ತಿದ್ನಿ. ನಿಮ್ಮದು ಹೊತ್ತು ಮುಳುಗೂತನಕ ಉರೀತೈತಿ!”

ಕೆಲಸಗಾರರು ಗೊಳ್ಳೆಂದರು. ಸಾಹುಕಾರ ಯಂತ್ರಕ್ಕೆ ಅಂಗೈ ಹಚ್ಚಿದ, ಚಟ್ಟನೆ ಕೈ ಕೊಡವಿದ. ಮೆಕ್ಯಾನಿಕ್‌ನನ್ನು ಕರೆಸಿದ. ಅವನು ಧೂಳು ತೆಗೆದ, ಸಡಿಲಾದ ಬೋಲ್ಟುಗಳನ್ನು ಬಿಗಿದ, ಕೆಟ್ಟ ಡಯೋಡು, ಫ್ಯಾನು ಬದಲಿಸಿದ. ರೆಕ್ಟಿಫೈಯರು ತಣ್ಣಗಾಯಿತು.

ಆಮೇಲೆ ಚಹಾ ಬಾಯಿಗಿಟ್ಟವನೇ ಸಾಹುಕಾರ ಮತ್ತೆ ಚೀರಿದ. “ಥೂ! ತಣ್ಣಗೈತಲ್ಲ ಇದು!”

“ಒಲಿ ತಂದಿಡ್ರಿ ಸಾಹುಕಾರ್ರ,” ಅಂದಳು ನೀಲವ್ವ. “ಯಂತ್ರಂತೂ ಸುಧಾರಿಸೇತಿ. ಇನ್ನ ನಿಮ್ಮ ಪಾಳಿ.”